ಸತ್ತವನ ಹೆಪ್ಪು

ಸೆಂಟ್ರಿಫ್ಯೂಜ್ ಯಂತ್ರದ ಬಾಯಿಯ ಅಂಚಿನ ಮೇಲೆ ಹತ್ತು ಬೆರಳುಗಳಿದ್ದವು.

ಹತ್ತೂ ಒಬ್ಬನವೇ.

ಮೇಲೆ ಎತ್ತಿ ಹಿಡಿದ ಉಕ್ಕಿನ ಮುಚ್ಚಳ. ಮುಚ್ಚಳದ ಮೇಲೆ ಗೂಳಿಯ ಕೈ. ಗೂಳಿ ಎಂದರೆ ಯಜಮಾನರ ಬಲಗೈ... ಎಡಗೈ ಕೂಡ ಅವನೇ. ಅವನ ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆ ಎಂಬುದು ಅವನಿಗೂ ಗೊತ್ತಿರಲಿಕ್ಕಿಲ್ಲ.

“ಹೇಳ್ತೀಯೋ... ಮುಚ್ಲೋ?”

ಬೆರಳುಗಳ ಒಡೆಯ ತೆಳ್ಳಗಿನ ಹುಡುಗ. ಇಡೀ ಕಾರ್ಖಾನೆ ಅವನನ್ನು ‘ಕನ್ನಡಕ’ ಎಂದೇ ಕರೆಯುತ್ತಿತ್ತು. ಆ ಕನ್ನಡಕ ಈಗ ಮೂಗಿನ ತುದಿಗೆ ಜಾರಿತ್ತು. ಸರಿಮಾಡಿಕೊಳ್ಳಲು ಅವನ ಕೈಗೆ ಬಿಡುವಿರಲಿಲ್ಲ.

“ತಡಿ!” ಎಂದೆ.

“ನೀನ್ಯಾಕೋ ಮಧ್ಯ ಬರ್ತೀಯ?”

“ಮಾಲು ಕೆಡಿಸ್ತಿರೋ ಕಳ್ಳನ್ನ ಹಿಡಿಯೋಕೆ ಅಂತ ನಿನ್ನ ಯಜಮಾನ್ರು ಕರೆಸಿರೋದು ನನ್ನ. ಬೆಳಿಗ್ಗೆ ಬಂದಿದೀನಿ. ಇನ್ನೂ ಊಟ ಕೂಡ ಆಗಿಲ್ಲ. ಅಷ್ಟರಲ್ಲಿ ನೀನೇ ಕೇಸ್ ಮುಗಿಸಿದ್ರೆ ನಾನು ಯಾತಕ್ಕೆ?”

“ಕಳ್ಳ ಇವನೇ.”

“ಹೆಂಗೊತ್ತು?”

“ಹೆದರ್ಕೊಂಡಿದಾನೆ.”

“ಬೆರಳು ಅಲ್ಲಿಟ್ರೆ ನಿಮ್ಮಪ್ಪನೂ ಹೆದರ್ಕೋತಾನೆ!”

ಗೂಳಿ ಯೋಚಿಸಿದ. ಅವನು ಯೋಚಿಸುವುದು ಹೊರಗಿನಿಂದಲೇ ಕಾಣುತ್ತದೆ... ಲಾರಿ ರಿವರ್ಸ್ ತೆಗೆಯುವ ಹಾಗೆ. ಕೊನೆಗೆ ಮುಚ್ಚಳವನ್ನು ಬಿಡದೆ, ತಲೆ ಮಾತ್ರ ತಿರುಗಿಸಿ ಬಾಗಿಲ ಕಡೆ ನೋಡಿದ.

ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಇಸ್ತ್ರಿ ಮುರಿಯದ ಅಂಗಿ. ಮೆಲ್ಲಗಿನ ದನಿ.

“ನಾಳೆ ಹೊಸ ಬ್ಯಾಚು ಬಾಟ್ಲಿಗೆ ತುಂಬ್ತೀವಿ. ಅದೂ ಬೆಳ್ಳಗಾದ್ರೆ ಗೂಳಿ ಮುಚ್ಚಳ ಮುಚ್ತಾನೆ. ಅಲ್ಲೀವರ್ಗೂ ನಿಮ್ಮ ಟೈಮು.”

ಹತ್ತು ಬೆರಳು ಹೊರಗೆ ಬಂದವು. ಕನ್ನಡಕ ಮೊದಲು ಮಾಡಿದ ಕೆಲಸ... ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡದ್ದು.

ಇಷ್ಟು ಕೇಳಿ ನೀವು ‘ಒಳಗೆ ಬಾ, ಕೂತು ಹೇಳು’ ಎಂದಿರಿ. ಬೇಡ ಸಾರ್. ನಿಮ್ಮ ಗೇಟಿನ ಹೊರಗೇ ನಿಂತು ಹೇಳುತ್ತೇನೆ. ಯಾಕೆಂದು ಕೊನೆಗೆ ತಿಳಿಯುತ್ತದೆ.

ಆ ಕಾರ್ಖಾನೆ ಎಂದರೆ ತಗಡಿನ ದೊಡ್ಡ ಶೆಡ್ಡು. ಒಳಗೆ ಗಾಜಿನ ಗೋಡೆಯ ಕೋಣೆಗಳು. ಅವರು ಮಾಡುತ್ತಿದ್ದುದು ಒಂದೇ ಸರಕು: ರಕ್ತ ನಿಲ್ಲಿಸುವ ನೀರು. ನೋಡಲು ಬರೀ ನೀರು. ಆಪರೇಷನ್ ಟೇಬಲ್ ಮೇಲೆ ಗಾಯಕ್ಕೆ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಜೆಲ್ಲಿಯಾಗಿ ರಕ್ತಕ್ಕೆ ಅಡ್ಡ ನಿಲ್ಲುತ್ತದಂತೆ.

ಬೆಳಿಗ್ಗೆ ಕನ್ನಡಕನೇ ನನಗೆ ಬಿಡಿಸಿ ಹೇಳಿದ್ದ. ಆಗ ಅವನ ಬೆರಳುಗಳು ಕ್ಷೇಮವಾಗಿದ್ದವು. ಮಾತಾಡುವಾಗ ಕುಣಿಯುತ್ತಿದ್ದವು.

“ಅಮೈನೋ ಆಸಿಡ್ ಅಂದ್ರೆ ಮಣಿ ಅನ್ಕೊಳಿ ಸಾರ್. ಮೆಷೀನು ಒಂದೊಂದೇ ಮಣಿ ಪೋಣಿಸುತ್ತೆ. ಚಿಕ್ಕ ಸರ ಆಗುತ್ತೆ. ಅದೇ ಪೆಪ್ಟೈಡು. ಈ ಸರಕ್ಕೆ ಎರಡು ಮುಖ. ಒಂದಕ್ಕೆ ನೀರು ಕಂಡ್ರೆ ಆಗಲ್ಲ. ಇನ್ನೊಂದಕ್ಕೆ ನೀರು ಅಂದ್ರೆ ಪ್ರಾಣ.”

“ನಮ್ಮನೆ ಥರಾನೇ ಇದೆ. ಮುಂದೆ?”

“ಶುದ್ಧ ನೀರಲ್ಲಿ ಒಂದನ್ನೊಂದು ದೂರ ತಳ್ಳುತ್ವೆ. ಎಲ್ಲಾದ್ರ ಮೇಲೂ ಒಂದೇ ಥರದ ಚಾರ್ಜು. ಒಂಟೊಂಟಿಯಾಗಿ ತೇಲ್ತಿರ್ತವೆ. ಉಪ್ಪು ತಗುಲ್ತೋ... ರಕ್ತದಲ್ಲಿರೋ ಉಪ್ಪು... ಆ ತಳ್ಳಾಟ ನಿಲ್ಲುತ್ತೆ. ಪಕ್ಕಪಕ್ಕ ಬಂದು ನಿಲ್ತವೆ. ನೀರು ಬೇಡದ ಮುಖ ಒಳಕ್ಕೆ. ಬೇಕಾದ ಮುಖ ಹೊರಕ್ಕೆ. ಸರ ಸೇರಿ ಪಟ್ಟಿ. ಪಟ್ಟಿ ತಿರುಚಿ ಹಗ್ಗ. ಹಗ್ಗ ಸೇರಿ ಬಲೆ. ಆ ಬಲೆ ನೀರನ್ನ ಹಿಡಿದಿಟ್ಕೊಳುತ್ತೆ. ಅದೇ ಜೆಲ್ಲು!”

“ಹೆಣೆಯೋರು ಯಾರು?”

“ಯಾರೂ ಇಲ್ಲ. ತಾನೇ ಆಗುತ್ತೆ.”

ಆ ‘ತಾನೇ’ ಎಂಬ ಮಾತು ನನಗೆ ಹಿಡಿಸಲಿಲ್ಲ. ನನ್ನ ಕಸುಬಿನಲ್ಲಿ ಯಾವುದೂ ತಾನೇ ಆಗುವುದಿಲ್ಲ. ಹಿಂದೆ ಯಾವಾಗಲೂ ಒಂದು ಕೈ ಇರುತ್ತದೆ.

ಆ ಕೈ ಹುಡುಕಲೆಂದೇ ನನ್ನನ್ನು ಕರೆಸಿದ್ದರು.

ಏಕೆಂದರೆ ನೀರು ಕೆಡುತ್ತಿತ್ತು. ಬಾಟಲಿಗೆ ತುಂಬುವ ತನಕ ಸ್ಫಟಿಕದಷ್ಟು ತಿಳಿ. ತುಂಬಿ ಮುಚ್ಚಳ ಬಿಗಿದ ಮೇಲೆ, ರಕ್ತವಿಲ್ಲ, ಉಪ್ಪಿಲ್ಲ, ಯಾರೂ ಮುಟ್ಟಿಲ್ಲ... ಬಿಳಿಯ ಎಳೆಯೊಂದು ಮೇಲಿನಿಂದ ಇಳಿಯುತ್ತಿತ್ತು. ಎಳೆ ಹೊಗೆಯಾಗುತ್ತಿತ್ತು. ಹೊಗೆ ಗಟ್ಟಿಯಾಗಿ ಹರಳು ಹರಳಾಗಿ ತಳಕ್ಕೆ ಕೂರುತ್ತಿತ್ತು. ಕಸ! ಗಾಯಕ್ಕೆ ಸುರಿದರೆ ರಕ್ತ ಅದನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಕೆಟ್ಟ ಬಾಟಲಿಗಳನ್ನೆಲ್ಲ ಒಂದು ಕಪಾಟಿನಲ್ಲಿಟ್ಟಿದ್ದರು. ಸಾಲು ಸಾಲು. ಪೊರೆ ಬಂದ ಕಣ್ಣುಗಳ ಹಾಗೆ. ನಾನು ಆ ಕಡೆ ಹೋದರೂ ನೋಡುತ್ತಿದ್ದವು. ಈ ಕಡೆ ಬಂದರೂ ನೋಡುತ್ತಿದ್ದವು.

“ಯಾವಾಗಿಂದ?” ಎಂದೆ.

ಕನ್ನಡಕ ಮೂಲೆಯಲ್ಲಿದ್ದ ಕುರ್ಚಿ ತೋರಿಸಿದ. ಅದರ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದರು.

“ಮೇಷ್ಟ್ರು ಹೋದಾಗಿಂದ.”

ಮೇಷ್ಟ್ರು ಅಲ್ಲಿನ ಹಿರಿಯ ವಿಜ್ಞಾನಿ. ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಆ ಸರದ ಮಣಿಗಳ ಕ್ರಮ ಅವರದೇ ತಲೆಯಿಂದ ಬಂದದ್ದು. ಒಂದು ದಿನ ಅವರ ಕೈಯಲ್ಲಿದ್ದ ಬಾಟಲಿ ಮೊದಲ ಸಲ ಬೆಳ್ಳಗಾಯಿತು. ಅದನ್ನೇ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“‘ಇದು ಬೇರೆ ದಾರಿ ಕಂಡ್ಕೊಂಡಿದೆ ಕಣೋ. ಸರ ಅದೇ... ನಿಂತಿರೋ ರೀತಿ ಬೇರೆ’ ಅಂದ್ರು. ‘ಒಂದು ಸಲ ಹುಟ್ಟಿದ ಆಕಾರ ಮತ್ತೆ ಮರೆಯಲ್ಲ’ ಅಂದ್ರು. ಅಷ್ಟೇ ಸಾರ್... ಎದೆ ಹಿಡ್ಕೊಂಡು ಆ ಕುರ್ಚಿ ಮೇಲೇ ಕುಸಿದ್ರು. ಬಾಟ್ಲಿ ಒಡೆದು ಹೋಯ್ತು.”

“ಆಮೇಲೆ?”

“ಆಮೇಲಿಂದ ಪ್ರತಿ ಬ್ಯಾಚೂ ಅದೇ ಆಕಾರ! ನೆಲ ತೊಳೆದ್ವಿ. ಪೈಪು ಬದಲಾಯಿಸಿದ್ವಿ. ಗಾಜಿನ ಸಾಮಾನೆಲ್ಲ ಹೊಸದು ತಂದ್ವಿ. ಆದ್ರೂ ಬರುತ್ತೆ ಸಾರ್...”

ಹೇಳುತ್ತ ಅವನು ಕುರ್ಚಿಗೆ ಬೆನ್ನು ಮಾಡಿ ನಿಂತಿರಲಿಲ್ಲ. ಅಲ್ಲಿ ಯಾರೂ ಆ ಕುರ್ಚಿಗೆ ಬೆನ್ನು ಮಾಡುತ್ತಿರಲಿಲ್ಲ.

ಬೆರಳು ಹೊರಬಂದ ಮೇಲೆ ಹುಡುಗ ನನ್ನ ತೋಳು ಹಿಡಿದ.

“ಒಂದು ದಾರಿ ಇದೆ ಸಾರ್. ಇಲ್ಲಿ ಗಾಳಿ, ಗೋಡೆ ಯಾವುದನ್ನೂ ನಂಬಂಗಿಲ್ಲ. ನೀರಿಗೆ ಹಾಕೋ ಪೆಪ್ಟೈಡ್ ಪುಡಿ ಸೀಲ್ ಆಗಿರುತ್ತೆ, ಅದು ಕ್ಲೀನು. ಅದನ್ನ ಹೊರಗೆ ತಗೊಂಡೋಗಿ, ಮೇಷ್ಟ್ರು ಒಂದು ಸಲಾನೂ ಕಾಲಿಡದ ಜಾಗದಲ್ಲಿ ನೀರಿಗೆ ಹಾಕಿ ನೋಡ್ಬೇಕು. ಅಲ್ಲಿ ಕೆಡಲಿಲ್ಲ ಅಂದ್ರೆ... ತಪ್ಪು ಈ ಜಾಗದ್ದು. ನನ್ನದಲ್ಲ.”

“ಅಲ್ಲೂ ಕೆಟ್ರೆ?”

ಅವನು ತನ್ನ ಕೈ ನೋಡಿಕೊಂಡ.

“ಪುಡಿ ಗೇಟ್ ದಾಟಿದ್ರೆ ಮಾರಾಟಕ್ಕೇ ಹೋಯ್ತು ಅಂತಾರೆ ಸಾರ್.”

“ಹಾಗಾದ್ರೆ ಗೇಟ್ ಬೇಡ.”

ಸೀಲಾದ ಎರಡು ಸೀಸೆ ಪುಡಿ ಜೇಬಿಗಿಳಿಸಿ ಹಿಂದಿನ ಗೋಡೆ ಹತ್ತಿದೆವು. ಅರ್ಧ ಹತ್ತುವಷ್ಟರಲ್ಲಿ ಗೂಳಿಯ ಕೂಗು! ಹಿಂದೆ ಬೂಟಿನ ಸದ್ದು! ಕನ್ನಡಕ ಬೆಕ್ಕಿನ ಹಾಗೆ ಆಚೆ ಹಾರಿದ. ನನ್ನ ಕಾಲು ಗೂಳಿಯ ಕೈಗೆ ಸಿಕ್ಕಿತು. ಝಾಡಿಸಿ ಒದ್ದೆ. ಬೂಟು ಅವನಿಗೆ ಬಿಟ್ಟೆ. ನಾನು ಆಚೆ ಬಿದ್ದೆ...

ನೆಲಕ್ಕಲ್ಲ. ಕೂಲಿಂಗ್ ಟವರಿನ ತೊಟ್ಟಿಗೆ!

ಚಳಿಗಾಲದ ಮಧ್ಯಾಹ್ನ. ಕುತ್ತಿಗೆಯವರೆಗೆ ನೀರು. ಒಂದು ಕಾಲಿಗೆ ಬೂಟು. ತನಿಖೆ ಎಂದರೆ ಇದೇ ಸಾರ್, ಉಳಿದದ್ದೆಲ್ಲ ಸಿನಿಮಾ.

ಹುಡುಗನಿಗೆ ಕಂಪನಿ ಕೊಟ್ಟ ಸ್ಕೂಟರ್ ಹೊರಗೇ ಇತ್ತು. ಅದರ ಮೇಲೆ ಪರಾರಿಯಾದೆವು. ನನ್ನ ಹಲ್ಲು ಕಟಕಟ ಎನ್ನುವುದು ಇಂಜಿನ್ನಿಗಿಂತ ಜೋರಾಗಿತ್ತು.

“ಅಕ್ಕನ ಮನೆಗೆ ಹೋಗೋಣ. ಹತ್ರಾನೇ ಇದೆ,” ಎಂದ ಅವನು.

ಅಕ್ಕ ಎಂದರೆ ಮೇಷ್ಟ್ರ ಹೆಂಡತಿ. ಅದೇ ಕಾರ್ಖಾನೆಯಲ್ಲಿ ಬಾಟಲಿ ತುಂಬುವ ಕೋಣೆ ನೋಡಿಕೊಳ್ಳುವವರು. ಗಂಡ ಹೋದ ಮೇಲೂ ಕೆಲಸ ಬಿಟ್ಟಿರಲಿಲ್ಲ. ಇಡೀ ಕಾರ್ಖಾನೆಗೆ ಅವರು ಅಕ್ಕ. ಗೂಳಿ ಕೂಡ ಅವರೆದುರು ದನಿ ತಗ್ಗಿಸುತ್ತಾನೆ.

ಎರಡನೇ ಮಹಡಿಯ ಚಿಕ್ಕ ಮನೆ. ಟೇಬಲ್ಲಿನ ಮೇಲೆ ಎರಡು ಲೋಟ. ಒಂದು ಬಳಸುವುದು. ಇನ್ನೊಂದು ಬಳಸದೆ ಇಟ್ಟದ್ದು.

“ಯಾರಪ್ಪ ಇವರು, ಕೆರೆಯಿಂದ ಎದ್ದು ಬಂದಂಗಿದಾರೆ!”

“ನನ್ನ ಬೆರಳು ಉಳಿಸಿದೋರು ಅಕ್ಕ.”

ಅವರು ಹೆಚ್ಚು ಕೇಳಲಿಲ್ಲ. ಒಳಗೆ ಹೋಗಿ ಬೂದು ಬಣ್ಣದ, ಗುಂಡಿ ಹಾಕುವ ಉಣ್ಣೆ ಸ್ವೆಟರ್ ತಂದರು. ಕೊಡುವ ಮೊದಲು ಒಂದು ಗಳಿಗೆ ಎದೆಗೆ ಒತ್ತಿ ಹಿಡಿದಿದ್ದರು.

“ಅವರದ್ದು. ಹಾಕ್ಕೊಳಿ. ನಾಳೆ ಬೆಳಿಗ್ಗೆ ವಾಪಸ್ ಬೇಕು.”

“ಬೇಡ ಅಕ್ಕ...”

“ಸತ್ತೋರ ಬಟ್ಟೆ ಅಂತ ಹೆದರಿಕೆನಾ?”

“ಬದುಕಿರೋರ ಬಟ್ಟೆ ಹಾಕ್ಕೊಂಡೂ ಏನೂ ಸುಖ ಕಂಡಿಲ್ಲ. ಕೊಡಿ.”

ಹಾಕಿಕೊಂಡೆ. ತೋಳು ಗಿಡ್ಡ. ಹೆಗಲ ಮೇಲೆ ಏನೋ ಭಾರ ಕೂತ ಹಾಗಾಯಿತು. ಸೋಪಿನ ವಾಸನೆ ಇಲ್ಲ. ಮನುಷ್ಯನ ವಾಸನೆ ಇತ್ತು... ನನ್ನದಲ್ಲದ್ದು.

“ತೊಳೆದಿಲ್ಲ,” ಎಂದರು ಅಕ್ಕ, ನಾನು ಕೇಳುವ ಮೊದಲೇ. “ತೊಳೆದ್ರೆ ಅವರು ಹೋಗ್ಬಿಡ್ತಾರೆ. ತುಂಬೋ ಕೋಣೇಲಿ ಚಳಿ ಕೊರೆಯುತ್ತೆ. ಇದಿಲ್ದೆ ನಾನು ಅಲ್ಲಿ ನಿಲ್ಲೋದೇ ಇಲ್ಲ. ಇದು ಮೈಮೇಲಿದ್ರೆ... ಪಕ್ಕದಲ್ಲೇ ನಿಂತು ನೋಡ್ತಿದಾರೆ ಅನ್ಸುತ್ತೆ. ‘ಬಾಟ್ಲಿ ಮೂತಿ ಒರೆಸಿ ಮುಚ್ಚಳ ಹಾಕೇ’ ಅಂತ ಬೈದಂಗೆ.”

ಆ ಮಾತು ಆಗಲೇ ನನ್ನ ಮಂಡೆಗೆ ಹೋಗಬೇಕಿತ್ತು. ಹೋಗಲಿಲ್ಲ. ನಡುಗುವವನಿಗೆ ಬೆಚ್ಚಗಾದರೆ ಸಾಕಾಗಿರುತ್ತದೆ.

ನನ್ನ ತಂಗಿ ಹಾಲಿನ ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮೇಷ್ಟ್ರು ಒಂದು ಸಲವೂ ಕಾಲಿಡದ ಜಾಗ ಎಂದರೆ ನನಗೆ ಹೊಳೆದದ್ದು ಅದೇ.

ಬಾಗಿಲು ತೆಗೆದವಳು ನನ್ನ ಕಾಲು ನೋಡಿದಳು.

“ಇನ್ನೊಂದು ಬೂಟು ಎಲ್ಲಿ?”

“ಒಬ್ಬನಿಗೆ ದಾನ ಮಾಡ್ದೆ.”

“ಅಣ್ಣ, ನೀನು ಬಂದಾಗಲೆಲ್ಲ ಹಿಂದೆ ಪೊಲೀಸ್ ಬರ್ತಾರೆ.”

“ಈ ಸಲ ಪೊಲೀಸ್ ಅಲ್ಲ.”

“ಅಯ್ಯೋ, ಅದು ಇನ್ನೂ ಕೆಟ್ಟದ್ದು!”

ಬೈಯುತ್ತಲೇ ಒಳಗೆ ಬಿಟ್ಟಳು. ಬಿಳಿ ಟೈಲ್ಸ್. ಕಿಟಕಿಯಿಂದ ಬಿಸಿಲು. ಕನ್ನಡಕ ಸೀಲ್ ಒಡೆದು, ಚಿಟಿಕೆ ಪುಡಿಯನ್ನು ಗಾಜಿನ ಕೊಳವೆಯ ಶುದ್ಧ ನೀರಿಗೆ ಹಾಕಿದ. ಪುಡಿ ಕರಗಿತು. ನೀರು ನೀರಾಗಿಯೇ ಇತ್ತು.

ಕಾದೆವು.

ಏನೂ ಆಗಲಿಲ್ಲ.

“ನೋಡಿದ್ರಾ ಸಾರ್!” ಹುಡುಗ ನಗಲು ಶುರುಮಾಡಿದ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. “ನಾನಲ್ಲ! ನಾನಲ್ಲ ಸಾರ್!”

ನಾನು ಕೊಳವೆ ಕೈಗೆ ತೆಗೆದುಕೊಂಡೆ. ಬಿಸಿಲಿಗೆ ಹಿಡಿದೆ. ತಿರುಗಿಸಿ ತಿರುಗಿಸಿ ನೋಡಿದೆ. ತಂದು ಸ್ಟ್ಯಾಂಡಿಗೆ ಇಟ್ಟೆ.

ಆಗ ಬಂತು.

ಮೇಲಿನಿಂದ ಒಂದು ಬಿಳಿಯ ಎಳೆ. ಕೂದಲಿಗಿಂತ ತೆಳು. ಅವಸರವಿಲ್ಲದೆ ಇಳಿಯಿತು... ಪರಿಚಯದ ಮನೆಗೆ ಮೆಟ್ಟಿಲಿಳಿದು ಬರುವವರ ಹಾಗೆ. ಕವಲೊಡೆಯಿತು. ಕವಲಿಗೆ ಕವಲು. ಇಡೀ ಕೊಳವೆ ಬೆಳ್ಳಗಾಯಿತು.

ನನ್ನ ತಲೆಯ ಹಿಂದೆ ಯಾರೋ ಉಸಿರುಬಿಟ್ಟ ಹಾಗೆ ಅನ್ನಿಸಿತು. ತಿರುಗಿ ನೋಡಿದೆ. ಗೋಡೆ.

ಹುಡುಗ ನೆಲಕ್ಕೆ ಕೂತುಬಿಟ್ಟ.

“ನಾನೇ ಸಾರ್... ನನ್ನ ಕೈಲೇ ಏನೋ ಇದೆ. ಮೇಷ್ಟ್ರು ನನ್ನ ಬಿಡ್ತಿಲ್ಲ. ಗೂಳಿಗೆ ಹೇಳ್ಬಿಡಿ... ಮುಚ್ಚಲಿ.”

“ಮುಚ್ಚೋ ಬಾಯಿ!”

ತಂಗಿ ಮಾತ್ರ ಕೊಳವೆಯ ಹತ್ತಿರ ಬಗ್ಗಿ ನೋಡುತ್ತಿದ್ದಳು. ಹಾಲಿನ ಜೊತೆ ಬಾಳುವವಳಿಗೆ ಬೆಳ್ಳಗಿನದು ಕಂಡರೆ ಭಯವಿಲ್ಲ.

“ಹೆಪ್ಪು ಬಿದ್ದಿದೆ,” ಎಂದಳು.

“ಏನು?”

“ಹಾಲಿಗೆ ಹೆಪ್ಪು ಹಾಕಲ್ವಾ ಅಣ್ಣ, ಹಾಗೆ. ಮೊದಲಿನ ಮೊಸರು ಒಂಚೂರು ಬಿದ್ರೆ ಉಳಿದದ್ದೆಲ್ಲ ಅದರಂಗೇ ಆಗೋದು. ಯಾರು ಹಾಕಿದ್ದು?”

ಕನ್ನಡಕ ತಲೆಯೆತ್ತಿದ. “ಅದೇ ಮೇಡಂ! ಆ ಕೆಟ್ಟ ಆಕಾರದ ಒಂದು ಚೂರು ಬಿದ್ರೆ ಸಾಕು. ಒಂಟಿ ಸರಗಳೆಲ್ಲ ಅದರ ತುದಿಗೆ ಬಂದು, ಅದು ನಿಂತಂಗೇ ನಿಲ್ತವೆ. ಉದ್ದ ಬೆಳೆದು ಮುರೀತವೆ. ಮುರಿದ ಚೂರೂ ಮತ್ತೆ ಹೆಪ್ಪೇ. ಆದ್ರೆ ಇಲ್ಲಿ ಆ ಚೂರು ಹೆಂಗೆ ಬಂತು? ಕಾರ್ಖಾನೇಲಿ ಎಲ್ಲರ ಜೇಬು, ಶೂ, ಉಗುರು ಕೂಡ ಚೆಕ್ ಮಾಡಿದ್ವಿ...”

“ಎಲ್ಲರದ್ದೂ?” ಎಂದೆ.

“ಎಲ್ಲರದ್ದೂ. ಅಕ್ಕನ ಬಿಟ್ಟು. ಅವರನ್ನ ಹೆಂಗೆ ಸಾರ್... ಗಂಡ ಸತ್ತಿರೋ ಹೆಂಗಸು...”

ಮಾತು ಅಲ್ಲೇ ನಿಂತಿತು.

ತಂಗಿ ನನ್ನ ತೋಳು ಹಿಡಿದಿದ್ದಳು.

“ಅಣ್ಣ... ಈ ಸ್ವೆಟರ್ ನಿನ್ನದಲ್ಲ. ತೋಳಿನ ಅಂಚಲ್ಲಿ ಏನಿದು? ಗಂಜಿ ಹಾಕಿ ಒಣಗಿಸಿದಂಗೆ ಗಟ್ಟಿಯಾಗಿದೆ.”

ನೋಡಿದೆ. ಬಲತೋಳಿನ ಅಂಚು. ಬೂದು ಉಣ್ಣೆಯ ಮೇಲೆ ಮಸುಕು ಬಿಳಿ. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಬಿಸಿಲಿನಲ್ಲಿ ಆ ಪುಡಿ ತೇಲಿತು. ಎಷ್ಟೋ ಹೊತ್ತು ತೇಲುತ್ತಲೇ ಇತ್ತು.

ಮೇಷ್ಟ್ರ ಕೈಯಲ್ಲಿ ಒಡೆದ ಬಾಟಲಿ. ಮೊಟ್ಟಮೊದಲ ಕೆಟ್ಟ ಬ್ಯಾಚು. ಅದು ಚೆಲ್ಲಿದ್ದು ನೆಲಕ್ಕೆ ಮಾತ್ರವಲ್ಲ.

ಅವರು ಈ ಸ್ವೆಟರ್ ಹಾಕಿಕೊಂಡೇ ಸತ್ತಿದ್ದರು. ಈಗ ನಾನು ಹಾಕಿಕೊಂಡಿದ್ದೆ.

ಸ್ವೆಟರ್ ಕಳಚುವಾಗ ತೋಳು ನನ್ನ ಮಣಿಕಟ್ಟಿಗೆ ಸಿಕ್ಕಿಕೊಂಡಿತು. ಎಳೆದೆ. ಬಿಡಲಿಲ್ಲ. ನಾನು ಕತ್ತಿ ಕಂಡಿದ್ದೇನೆ, ಪಿಸ್ತೂಲು ಕಂಡಿದ್ದೇನೆ. ಆದರೆ ಆ ಒಂದು ಗಳಿಗೆ ನನ್ನ ಬಾಯಿಂದ ಹೊರಟ ಸದ್ದನ್ನು ತಂಗಿ ಇವತ್ತಿಗೂ ಅಣಕಿಸುತ್ತಾಳೆ.

ಅಷ್ಟರಲ್ಲಿ ಬಾಗಿಲು ಒಡೆಯಿತು!

ಗೂಳಿ! ಒಂದು ಕೈಯಲ್ಲಿ ರಾಡು. ಇನ್ನೊಂದು ಕೈಯಲ್ಲಿ ನನ್ನ ಬೂಟು.

“ಹೆಂಗೆ ಸಿಕ್ವಿ?” ಎಂದೆ.

“ಸ್ಕೂಟರ್ ಹಿಂದೆ ಕಂಪನಿ ಹೆಸರು ಇಷ್ಟು ದಪ್ಪ ಬರ್ಕೊಂಡು ಓಡ್ತೀರಲ್ಲೋ, ನಿಮ್ಮ ಬುದ್ಧಿಗಿಷ್ಟು!”

ಕನ್ನಡಕನ ಕುತ್ತಿಗೆ ಪಟ್ಟಿ ಹಿಡಿದೆತ್ತಿದ. ಬಲಗೈಯನ್ನು ಮೇಜಿನ ಮೇಲೆ ಒತ್ತಿಟ್ಟ. ಬೆರಳು ಬಿಡಿಸಿದ. ರಾಡು ಎತ್ತಿದ!

“ಪುಡಿ ಯಾರಿಗೆ ಮಾರಿದೆ?”

ನಾನು ಸ್ವೆಟರನ್ನು ಅವನ ಮುಖದ ಎದುರು ಹಿಡಿದೆ.

“ಇದು ಯಾರದ್ದು ಹೇಳು.”

ರಾಡು ಗಾಳಿಯಲ್ಲೇ ನಿಂತಿತು. ಆ ಸ್ವೆಟರ್ ಅವನಿಗೆ ಗೊತ್ತಿತ್ತು. ಮೇಷ್ಟ್ರ ಹೆಣವನ್ನು ಕುರ್ಚಿಯಿಂದ ಎತ್ತಿದವನು ಅವನೇ.

“ಮೇ... ಮೇಷ್ಟ್ರದ್ದು. ನಿಂಗೆಲ್ಲಿ ಸಿಕ್ತೋ? ಅತ್ಲಾಗಿಡು! ಅತ್ಲಾಗಿಡೋ!”

“ಹಾಲು ಮೊಸರಾಗೋದು ಗೊತ್ತಾ?”

“ನಮ್ಮವ್ವ ಎಮ್ಮೆ ಕಟ್ಟಿದ್ಲು ಕಣೋ!”

“ಹಾಗಾದ್ರೆ ಕೂತ್ಕೊ. ನಿಮ್ಮವ್ವನ ಮಗ ಆಗಿದ್ರೆ ಅರ್ಥ ಆಗುತ್ತೆ.”

ತಂಗಿ ನನ್ನನ್ನು ಹೊರಗಿನ ನಲ್ಲಿಗೆ ಅಟ್ಟಿ ಮೊಣಕೈವರೆಗೆ ಉಜ್ಜಿಸಿದಳು. ಕೊಟ್ಟಿಗೆಯ ದನವನ್ನೂ ಇದಕ್ಕಿಂತ ಮೆಲ್ಲಗೆ ತೊಳೆಯುತ್ತಾರೆ. ಸ್ವೆಟರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದಳು. ಪಕ್ಕದ ಕೋಣೆಯಲ್ಲಿ, ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೊಟ್ಟು ಕನ್ನಡಕ ಇನ್ನೊಂದು ಸೀಸೆಯ ಸೀಲ್ ಒಡೆದು ಪುಡಿ ಕರಗಿಸಿದ. ಮೂರು ಕೊಳವೆ.

ಒಂದಕ್ಕೆ ಏನೂ ಹಾಕಲಿಲ್ಲ.

“ನಿನ್ನ ಮಫ್ಲರ್ ಕೊಡು,” ಎಂದೆ ಗೂಳಿಗೆ.

“ಯಾಕೆ?”

“ಅದೂ ಉಣ್ಣೆ ತಾನೆ?”

ಅದರ ಒಂದು ಎಳೆ ಎರಡನೆಯದಕ್ಕೆ. ಕೊನೆಗೆ ಸ್ವೆಟರಿನ ಬಲತೋಳಿನ ಒಂದು ಎಳೆ ಮೂರನೆಯದಕ್ಕೆ.

ಗೂಳಿ ಗಾಜಿಗೆ ಮೂಗು ಒತ್ತಿಕೊಂಡು ನಿಂತ. ಮೊದಲನೆಯದು ನೀರು. ಎರಡನೆಯದು ನೀರು...

ಮೂರನೆಯದರಲ್ಲಿ ಎಳೆಗೆ ಮೀಸೆ ಬಂತು. ಮೀಸೆಗೆ ಗಡ್ಡ ಬಂತು. ಬಿಳಿಯ ಗಡ್ಡ. ತಳದವರೆಗೂ.

“ನನ್ನ ಮಫ್ಲರ್ ಕ್ಲೀನು!” ಎಂದ ಗೂಳಿ, ಪಿಸುಗುಟ್ಟಿ. ಆಮೇಲೆ ಇನ್ನೂ ಮೆಲ್ಲಗೆ ಕೇಳಿದ, “ಅಂದ್ರೆ... ಮೇಷ್ಟ್ರು ಬರ್ತಿರೋದು ನಿಜಾನೇ?”

ಕನ್ನಡಕ ಮೊದಲ ಕೊಳವೆಗೆ ಒಂದು ಹನಿ ಉಪ್ಪುನೀರು ಬಿಟ್ಟ. ಕೊಳವೆಯನ್ನು ತಲೆಕೆಳಗು ಮಾಡಿದ. ನೀರು ಬೀಳಲಿಲ್ಲ! ಗಾಜಿನ ಹಾಗೆ ಸ್ವಚ್ಛ, ಆದರೆ ಅಲುಗದೆ ನಿಂತಿತ್ತು. ಮೇಷ್ಟ್ರು ಮಾಡಬೇಕೆಂದಿದ್ದದ್ದು ಅದು. ಹುಡುಗ ಅದನ್ನು ನೋಡುತ್ತ ಅಳುತ್ತಿದ್ದ.

ಗೂಳಿ ರಾಡು ಕೆಳಗಿಟ್ಟ. ನನ್ನ ಬೂಟು ಕೊಟ್ಟ.

“ಯಜಮಾನ್ರಿಗೆ ನೀನೇ ಹೇಳು. ನಂಗೆ ಇದೆಲ್ಲ ಹೇಳೋಕೆ ಬರಲ್ಲ.”

ಹೊರಡುವ ಮುಂಚೆ ಕನ್ನಡಕ ಮೂರನೇ ಕೊಳವೆಯ ಕುತ್ತಿಗೆಯನ್ನು ಬೆಂಕಿಗೆ ಹಿಡಿದ. ಗಾಜು ಕರಗಿ ತಾನೇ ಮುಚ್ಚಿಕೊಂಡಿತು. ಕಾಸ್ಟಿಕ್ ನೀರಿನಲ್ಲಿ ಅದ್ದಿ ಒರೆಸಿ, ಮಾತಿಲ್ಲದೆ ನನ್ನ ಕೈಗಿಟ್ಟ.

ಸಂಜೆ, ಶೆಡ್ಡಿನಲ್ಲಿ ಎಲ್ಲರೂ ಸೇರಿದ್ದೆವು. ಅಕ್ಕನಿಗೂ ಹೇಳಿ ಕಳುಹಿಸಿದ್ದೆ. ನಾನು ಹೇಳುವುದನ್ನೆಲ್ಲ ಅವರು ನಿಂತೇ ಕೇಳಿದರು.

“ಸುಟ್ಟಾಕಿ ಅದನ್ನ,” ಎಂದರು ಯಜಮಾನರು.

“ಸುಟ್ರೆ ಹೊಗೆ, ಬೂದಿ, ಗಾಳಿ. ಬೇಡ ಸಾರ್,” ಎಂದ ಕನ್ನಡಕ. “ಕಾಸ್ಟಿಕ್ ಸೋಡಾ ತೊಟ್ಟಿಗೆ ಹಾಕ್ಬೇಕು. ಅದು ಈ ಆಕಾರಾನೂ ಕರಗಿಸುತ್ತೆ. ಉಣ್ಣೇನೂ ಕರಗಿಸುತ್ತೆ.”

ಅಕ್ಕ ನನ್ನ ಕಡೆ ತಿರುಗಿದರು.

“ನಾನಾ?”

ಚೀಲದೊಳಗಿನ ಸ್ವೆಟರ್ ಕಡೆ ಬೆರಳು ತೋರಿಸಿದರು.

“ಇಷ್ಟು ದಿನ... ಅವರ ಕೆಲಸಾನ ಹಾಳು ಮಾಡ್ತಿದ್ದೋಳು ನಾನಾ?”

ಗೂಳಿ ನೆಲ ನೋಡಿದ. ಯಜಮಾನರು ವಾಚು ನೋಡಿದರು.

“ನೀವಲ್ಲ ಅಕ್ಕ,” ಎಂದೆ. “ತುಂಬೋ ಕೋಣೆಗೆ ಮೈಪೂರ್ತಿ ಮುಚ್ಚೋ ಗೌನ್ ಇತ್ತಂತೆ. ಒಂದು ಸಲ ಹಾಕಿ ಬಿಸಾಡೋದು. ಅದಿದ್ದಿದ್ರೆ ತೋಳಿನ ಅಂಚು ಹೊರಗೇ ಬರ್ತಿರಲಿಲ್ಲ. ಅದನ್ನ ದಂಡ ಅಂತ ನಿಲ್ಲಿಸಿದ್ದು ಯಾರು ಅಂತ ಕೇಳಿ.”

ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಇಸ್ತ್ರಿ ಮುರಿಯದ ಅಂಗಿಯೊಳಗೆ ಯಜಮಾನರು ಸ್ವಲ್ಪ ಮುರಿದರು.

ಅಕ್ಕ ಕನ್ನಡಕನ ಹತ್ತಿರ ಹೋದರು.

“ಕೈ ತೋರಿಸು.”

“ಏನಾಗಿಲ್ಲ ಅಕ್ಕ.”

“ತೋರಿಸೋ!”

ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಗೆಣ್ಣುಗಳ ಮೇಲೆ ಮುಚ್ಚಳದ ಅಂಚಿನ ಕೆಂಪು ಗೆರೆ ಇನ್ನೂ ಹೋಗಿರಲಿಲ್ಲ. ಆ ಗೆರೆಯ ಮೇಲೆ ಹೆಬ್ಬೆರಳಾಡಿಸಿದರು. ಮತ್ತೆ ಬಂದು ಚೀಲ ಕೈಗೆತ್ತಿಕೊಂಡರು.

ತೊಟ್ಟಿಯ ಹತ್ತಿರ ನಿಂತು ಕೇಳಿದರು. ಮಗು ಕೇಳಿದ ಹಾಗೆ.

“ಒಂದ್ಸಲ... ಮೂಸಿ ನೋಡ್ಲಾ?”

ಹೂಂ ಎನ್ನುವುದು ಸುಲಭವಿತ್ತು. ನಾನಾಗಿದ್ದರೆ ಅಂದುಬಿಡುತ್ತಿದ್ದೆ. ಆ ಹುಡುಗ ಕನ್ನಡಕ ತೆಗೆದು, ಕಣ್ಣು ಒರೆಸಿ, ಮತ್ತೆ ಹಾಕಿಕೊಂಡ.

“ಬೇಡ ಅಕ್ಕ. ಮುಖಕ್ಕೆ, ಕೂದಲಿಗೆ ತಾಗಿದ್ರೆ ಮತ್ತೆ ಶುರುವಾಗುತ್ತೆ.”

ಅಕ್ಕ ತಲೆಯಾಡಿಸಿದರು. ಚೀಲ ಬಗ್ಗಿಸಿದರು.

ಸ್ವೆಟರ್ ತಕ್ಷಣ ಮುಳುಗಲಿಲ್ಲ. ಉಬ್ಬಿ, ಮಗ್ಗುಲಾಯಿತು. ಬಲತೋಳು ನೀರಿನ ಮೇಲೆ ಎದ್ದು ನಿಂತಿತು... ತರಗತಿಯನ್ನು ಸುಮ್ಮನಿರಿಸುವವರ ಹಾಗೆ. ಅಕ್ಕ ಉದ್ದದ ಕೋಲಿನಿಂದ ಅದನ್ನು ಒತ್ತಿ ಹಿಡಿದರು. ಅದು ಬಿಡಿಬಿಡಿಯಾಗುವ ತನಕ ಕೈ ತೆಗೆಯಲಿಲ್ಲ. ಕಂದು ಬಣ್ಣದ ಗಂಜಿಯಾಯಿತು. ಕೊನೆಗೆ ತಳದಲ್ಲಿ ಗುಂಡಿಗಳಷ್ಟೇ ಉಳಿದವು. ಗೂಳಿ ಕೈಗವಸು ತೊಟ್ಟು, ಇಕ್ಕಳದಿಂದ ಒಂದೊಂದೇ ಎತ್ತಿ, ನಲ್ಲಿಯ ಕೆಳಗೆ ತೊಳೆದು ಅಕ್ಕನ ಅಂಗೈಗೆ ಹಾಕಿದ. ಯಾರೂ ಅವನಿಗೆ ಹೇಳಿರಲಿಲ್ಲ.

“ಮುಗೀತಲ್ಲ,” ಎಂದರು ಯಜಮಾನರು. “ಇನ್ನು ಏನೂ ಉಳಿದಿಲ್ಲ ತಾನೆ?”

“ಒಂದು ಉಳಿದಿದೆ ಸಾರ್.”

ಜೇಬಿನಿಂದ ಕೊಳವೆ ತೆಗೆದೆ. ಸೀಲಾದ ಗಾಜು. ಒಳಗೆ ಬಿಳಿ ಗಡ್ಡದ ಒಂದು ಎಳೆ. ಯಜಮಾನರ ಮುಖ ಅದೇ ಬಣ್ಣಕ್ಕೆ ತಿರುಗಿತು.

“ಇದು ನನ್ನ ಹತ್ರಾನೇ ಇರುತ್ತೆ. ಗೌನ್ ನಾಳೇನೇ ತರಿಸಿ. ಈ ಹುಡುಗನ ಬೆರಳು ಯಾವತ್ತಾದ್ರೂ ಸೆಂಟ್ರಿಫ್ಯೂಜಲ್ಲಿ ಸಿಕ್ಕಿ, ಬಾಗಿಲಲ್ಲಿ ಸಿಕ್ಕಿ, ಎಡವಿ ಬಿದ್ದು... ಹೆಂಗಾದ್ರೂ ಸರಿ, ಮುರಿದ್ರೆ... ನಾನು ಇಲ್ಲಿಗೆ ಬಂದು, ಇದನ್ನ ಒಡೆದು ಒಂದು ಸಲ ಸೀನ್ತೀನಿ. ಅಷ್ಟೇ.”

ಮಾರನೇ ದಿನ ಅಕ್ಕ ಹೊಸ ಗೌನ್ ಹಾಕಿಕೊಂಡು ಆ ಚಳಿಯಲ್ಲಿ ನಡುಗುತ್ತ ಬಾಟಲಿ ತುಂಬಿದರಂತೆ. ಒಂದೂ ಬೆಳ್ಳಗಾಗಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಕುಣಿದರು. ಅಕ್ಕ ಮಾತ್ರ ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡುತ್ತಿದ್ದರಂತೆ. ಯಾರೂ ಇಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುವವರ ಹಾಗೆ.

ನಾನು ಆ ದಿನದ ಬಟ್ಟೆಯನ್ನೆಲ್ಲ ಅದೇ ತೊಟ್ಟಿಗೆ ಹಾಕಿದ್ದೆ. ಮೈಯನ್ನು ಚರ್ಮ ಸುಲಿಯುವಷ್ಟು ತಿಕ್ಕಿದ್ದೆ. ಆದರೂ ಚಳಿ ಬಿದ್ದಾಗ ಬಲ ಮಣಿಕಟ್ಟನ್ನು ಯಾರೋ ಹಿಡಿದ ಹಾಗಾಗುತ್ತದೆ. ಬಿಗಿಯಾಗಿ ಅಲ್ಲ. ಕೊಳವೆ ಅಲುಗದಿರಲಿ ಎಂದು ಹಿಡಿಯುವಷ್ಟು.

ಈಗ ನಿಮ್ಮ ವಿಷಯಕ್ಕೆ ಬರೋಣ ಸಾರ್.

ನಿಮ್ಮದೂ ಅದೇ ಕಸುಬು. ಅದೇ ಮಣಿ, ಅದೇ ಸರ... ಯಜಮಾನರೇ ನಿಮಗೆ ಲೈಸೆನ್ಸ್ ಕೊಟ್ಟದ್ದು, ಕೇಳಿ ತಿಳಿದುಕೊಂಡೇ ಬಂದಿದ್ದೇನೆ. ನಿಮ್ಮ ಲ್ಯಾಬಿನ ಹುಡುಗಿ ಏನೋ ಕದ್ದಿದ್ದಾಳೆ ಎನ್ನುತ್ತೀರಿ. ಸಾಕ್ಷಿ ಇಲ್ಲ ಎನ್ನುತ್ತೀರಿ. ಕೈ ತಿರುಚಿ ಬಾಯಿ ಬಿಡಿಸು ಎನ್ನುತ್ತೀರಿ. ಪಿಸ್ತೂಲು ತಂದಿದ್ದೀಯಾ ಎಂದೂ ಕೇಳಿದಿರಿ.

ಪಿಸ್ತೂಲು ಇಲ್ಲ. ಕರ್ಚೀಫಿನಲ್ಲಿ ಸುತ್ತಿದ ಒಂದು ಗಾಜಿನ ಕೊಳವೆ ಇದೆ.

ಹೇಳಿ ಸಾರ್... ಆ ಹುಡುಗಿಯನ್ನು ಹೊರಗೆ ಕಳಿಸುತ್ತೀರೋ, ನಾನೇ ಒಳಗೆ ಬರಲೋ?